ಸೆಪ್ಟೆಂಬರಿನ ಬೆಳವಕ್ಕೆ ಏಪ್ರಿಲ್‌ನಿಂದಲೇ ಹೊಲ ಹಸನು

ಮೊದಲ ವರ್ಷ ನಮ್ಮ ಹೊಲದಲ್ಲಿ ಹೊಡೆದ ಮೊದಲ ಬೆಳವದ ಗಂಟಲ ಚೀಲವನ್ನು ಬಿಡಿಸಿ ನೋಡಿದೆ. ಎರಡು ಚಮಚದಷ್ಟು ಕೊರಲೆ ಕಾಳು ಇತ್ತು. ಸೂರ್ಯಕಾಂತಿಯ ಒಂದು ಬೀಜವೂ ಇರಲಿಲ್ಲ. ನಾನು ಆ ಹಕ್ಕಿಗೆಂದೇ ಆರು ಎಕರೆ ಸೂರ್ಯಕಾಂತಿ ಬೆಳೆದಿದ್ದೆ. ಕೊರಲೆ ಪಕ್ಕದವರ ಹೊಲದ್ದು. ನನ್ನ ಬೀಜವೆಲ್ಲ ಮೊಣಕಾಲುದ್ದದ ಹುಲ್ಲಿನ ಬುಡದಲ್ಲಿ ಬಿದ್ದಿತ್ತು. ಬೆಳವ ಕೋಳಿಯ ಹಾಗೆ ಕಾಲಿನಿಂದ ಕೆದಕಿ ತಿನ್ನುವ ಹಕ್ಕಿಯಲ್ಲ. ಅದರ ಕಾಲು ಗಿಡ್ಡ, ಬಲವೂ ಕಡಿಮೆ. ಗುಬ್ಬಿಯಂತೆ ತೆನೆಗೆ ಜೋತುಬಿದ್ದು ತಿನ್ನುವ ಅಭ್ಯಾಸವೂ ಅದಕ್ಕಿಲ್ಲ. ಬರಿನೆಲದ ಮೇಲೆ ನಡೆಯುತ್ತಾ ಕಣ್ಣಿಗೆ ಬಿದ್ದ ಕಾಳನ್ನು ಮಾತ್ರ ಹೆಕ್ಕುತ್ತದೆ. ಹೊಲದ ತುಂಬ ಕಾಳಿದ್ದೂ ನೆಲ ಕಾಣಿಸದಿದ್ದರೆ ಆ ಹೊಲ ಬೆಳವಕ್ಕೆ ಖಾಲಿಯೇ.

ನಾನಿರುವುದು ಅಮೆರಿಕದ ಜಾರ್ಜಿಯಾ ರಾಜ್ಯದ ದಕ್ಷಿಣ ಭಾಗದಲ್ಲಿ. ಇಲ್ಲಿ ಸಾಮಾನ್ಯವಾಗಿ ಸೆಪ್ಟೆಂಬರ್ ತಿಂಗಳ ಮೊದಲ ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಬೆಳವ ಬೇಟೆಯ ಋತು ಆರಂಭವಾಗುತ್ತದೆ. ಊರಿನ ಜಾತ್ರೆಯಂತೆ ಬಂಧುಬಳಗವೆಲ್ಲ ಹೊಲದ ಅಂಚಿನಲ್ಲಿ ಸೇರುತ್ತದೆ. ಗುರಿ ಮೋರ್ನಿಂಗ್ ಡವ್ ಎಂಬ ಹಕ್ಕಿ, ನಮ್ಮ ಬೆಳವದ ಸಂಬಂಧಿ, ನೂರಿಪ್ಪತ್ತು ಗ್ರಾಂ ತೂಗುವ ಕಂದುಬೂದು ಜೀವ. ಇಲ್ಲಿ ಜಮೀನು ಮಾಡಿರುವ ಕನ್ನಡಿಗರು ಹೊಲ ಸಿದ್ಧಪಡಿಸುವ ಬಗೆಯನ್ನು ಕೇಳುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ. ಊರಿನ ಓದುಗರು ಮಾತ್ರ ಒಂದು ಮಾತನ್ನು ನೆನಪಿಡಬೇಕು: ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೆಳವವನ್ನು ಬೇಟೆಯಾಡುವುದು ಅಪರಾಧ.

ಉಳುವ ಮೊದಲು ಕಾನೂನು

ಅಮೆರಿಕದಲ್ಲಿ ಬೆಳವ ವಲಸೆ ಹಕ್ಕಿಗಳ ಪಟ್ಟಿಯಲ್ಲಿದೆ. 1918ರ ವಲಸೆ ಹಕ್ಕಿ ಒಪ್ಪಂದ ಕಾಯ್ದೆ ಅದಕ್ಕೆ ಅನ್ವಯಿಸುತ್ತದೆ. ಹೊಲದ ಮಟ್ಟಿಗೆ ಆ ಕಾಯ್ದೆಯ ತಿರುಳು ಇಷ್ಟೇ: ಆ ಹೊಲದಲ್ಲೇ ಬೆಳೆದು ನಿಂತ ಬೆಳೆಯನ್ನು ನೀವು ಕತ್ತರಿಸಬಹುದು, ಹರಗಬಹುದು, ಸುಡಬಹುದು, ಮೇಯಿಸಬಹುದು. ಕಾಳು ಉದುರಿದರೆ ಉದುರಲಿ. ಆದರೆ ಹೊರಗಿನಿಂದ ಒಂದು ಹಿಡಿ ಕಾಳನ್ನೂ ತಂದು ಚೆಲ್ಲುವಂತಿಲ್ಲ. ಅದೇ ಹೊಲದಲ್ಲಿ ಬೆಳೆದ ಕಾಳನ್ನು ಕೊಯ್ದು, ಚೀಲದಲ್ಲಿಟ್ಟು, ಮರುದಿನ ಅಲ್ಲಿಗೇ ಮರಳಿ ಎರಚಿದರೂ ಅದು ಆಮಿಷವಾಗುತ್ತದೆ. ಚೆಲ್ಲಿದ ಕಾಳನ್ನು ಪೂರ್ತಿ ತೆಗೆದ ಮೇಲೂ ಹತ್ತು ದಿನ ಆ ಜಾಗದಲ್ಲಿ ಬೇಟೆ ನಿಷಿದ್ಧ. ಆಮಿಷ ಎಷ್ಟು ದೂರದಲ್ಲಿರಬೇಕು ಎಂಬುದಕ್ಕೆ ಗಜದ ಲೆಕ್ಕವೂ ಇಲ್ಲ. ಅದರ ಸೆಳೆತಕ್ಕೆ ಹಕ್ಕಿ ನಿಮ್ಮ ತಲೆಯ ಮೇಲೆ ಹಾದುಹೋಗುತ್ತಿದ್ದರೆ ಸಾಕು.

1998ರ ತಿದ್ದುಪಡಿಯ ನಂತರ ಬೇಟೆಗಾರನಿಗೆ ಆಮಿಷದ ವಿಷಯ ಗೊತ್ತಿತ್ತೇ, ಗೊತ್ತಿರಬೇಕಿತ್ತೇ ಎಂದು ನೋಡುತ್ತಾರೆ. ಅದೇ ತಿದ್ದುಪಡಿ ಆಮಿಷ ಹಾಕಿದವನ ಶಿಕ್ಷೆಯನ್ನು ಹೆಚ್ಚಿಸಿತು: ಒಂದು ಲಕ್ಷ ಡಾಲರ್‌ವರೆಗೆ ದಂಡ, ಒಂದು ವರ್ಷದವರೆಗೆ ಸೆರೆ. ಮೊದಲ ವರ್ಷ ಹಕ್ಕಿ ಬಾರದೆ ನಾನು ಕಂಗಾಲಾಗಿದ್ದಾಗ ಪರಿಚಿತರೊಬ್ಬರು ಎರಡು ಚೀಲ ಗೋಧಿ ತಂದುಕೊಡಲು ಮುಂದಾದರು. ಬೇಡವೆಂದೆ. ನೀವೂ ಬೇಡವೆನ್ನಿ. ಗೋಧಿಯನ್ನು ಬಿತ್ತಲೇಬೇಕೆಂದಿದ್ದರೆ ಜಿಲ್ಲೆಯ ಕೃಷಿ ವಿಸ್ತರಣಾ ಕಚೇರಿ ಹೇಳುವ ಕಾಲದಲ್ಲಿ, ಹೇಳಿದ ಪ್ರಮಾಣದಲ್ಲಿ, ನೆಲವನ್ನು ಹದ ಮಾಡಿ ಬಿತ್ತಿ; ಆಗ ಮಾತ್ರ ಅದು ಬೇಸಾಯ ಎನಿಸಿಕೊಳ್ಳುತ್ತದೆ. ಅದೇ ಕಚೇರಿಯ ಮೂಲಕ ಮಣ್ಣಿನ ಪರೀಕ್ಷೆಯನ್ನೂ ಮಾಡಿಸಬಹುದು.

ಜಾಗ, ಮಣ್ಣು

ಐದು ಎಕರೆಗಿಂತ ಚಿಕ್ಕ ತುಂಡು ಬೇಡ. ಬಯಲಾಗಿರಬೇಕು, ಹತ್ತಿರದಲ್ಲಿ ನೀರಿರಬೇಕು. ಕೆರೆಯ ದಂಡೆ ಹುಲ್ಲಿಲ್ಲದೆ ಬೋಳಾಗಿದ್ದರೆ ಬೆಳವ ಅಲ್ಲಿಗೆ ಇಳಿಯುತ್ತದೆ. ಕೂರಲು ವಿದ್ಯುತ್ ತಂತಿಯೋ ಒಣಮರವೋ ಇದ್ದರೆ ಒಳ್ಳೆಯದು. ಹೊಲದ ನಡುವೆ ಒಣಮರವಿದ್ದರೆ ದಯವಿಟ್ಟು ಕಡಿಯಬೇಡಿ.

ಮಾರ್ಚ್‌ನಲ್ಲಿ ಮಣ್ಣಿನ ಪರೀಕ್ಷೆ ಮಾಡಿಸಿ. ಇಲ್ಲಿಯ ಮರಳು ಮಣ್ಣು ಹುಳಿ. ಪಿಎಚ್ 6ರಿಂದ 6.5ಕ್ಕೆ ಬರುವಷ್ಟು ಸುಣ್ಣ ಹಾಕಿ, ಡಿಸ್ಕ್ ಹ್ಯಾರೋ ಹೊಡೆದು, ಮೊಳೆತ ಕಳೆಯನ್ನು ಇನ್ನೊಮ್ಮೆ ಹರಗಿ ಸಾಯಿಸಿ.

ಏನು ಬಿತ್ತಬೇಕು

ಬಿತ್ತನೆಯ ದಿನವನ್ನು ಸೆಪ್ಟೆಂಬರಿನಿಂದ ಹಿಂದಕ್ಕೆ ಎಣಿಸಿ. ಆಗಸ್ಟ್ ಮಧ್ಯದ ಹೊತ್ತಿಗೆ ಕಾಳು ಮಾಗಿ ಒಣಗಿರಬೇಕು. ಸೂರ್ಯಕಾಂತಿಗೆ ನೂರು ದಿನ ಬೇಕು, ಹಾಗಾಗಿ ಏಪ್ರಿಲ್ ಕೊನೆಗೆ ಬಿತ್ತಬೇಕು. ಸಣ್ಣ ಕಪ್ಪು ಬೀಜದ ಎಣ್ಣೆ ತಳಿಯೇ ಸರಿ. ಪೆರೆಡೊವಿಕ್ ಇಲ್ಲಿ ಹಳೆಯ ಹೆಸರು. ಸಾಲಿನಿಂದ ಸಾಲಿಗೆ 90 ಸೆಂ.ಮೀ. ಬಿಟ್ಟು, ಎಕರೆಗೆ ಎರಡರಿಂದ ಮೂರು ಕೆ.ಜಿ. ಬೀಜ ಸಾಕು. ದಟ್ಟವಾಗಿ ಬಿತ್ತುವ ಆಸೆ ಬೇಡ. ಸಾಲಿನ ನಡುವೆ ಕುಂಟೆ ಹೊಡೆಯಲು ಜಾಗವಿರಲಿ, ಆ ಜಾಗವೇ ನಾಳೆ ಬೆಳವ ನಡೆಯುವ ದಾರಿ. ಎಳೆಯ ಸಸಿಯನ್ನು ಜಿಂಕೆಗಳು ಒಂದೇ ರಾತ್ರಿಯಲ್ಲಿ ಮೇಯುತ್ತವೆ. ಸಣ್ಣ ಹೊಲವಾದರೆ ಮೊದಲ ತಿಂಗಳು ವಿದ್ಯುತ್ ಬೇಲಿ ಅನಿವಾರ್ಯ.

ಇನ್ನು ಕೊರಲೆ. ಇದರ ಬಗ್ಗೆ ನನಗೆ ವಿಶೇಷ ಪ್ರೀತಿ. ಇಲ್ಲಿಯ ಬೀಜದಂಗಡಿಯಲ್ಲಿ ಬ್ರೌನ್‌ಟಾಪ್ ಮಿಲೆಟ್ ಎಂದು ಮಾರುವ ಚೀಲದೊಳಗೆ ಕೈ ಹಾಕಿ ನೋಡಿದರೆ ಅದು ತುಮಕೂರು, ಚಿತ್ರದುರ್ಗದ ಒಣಭೂಮಿಯಲ್ಲಿ ಬೆಳೆಯುವ ನಮ್ಮ ಕೊರಲೆಯೇ. 1915ರ ಸುಮಾರಿಗೆ ಭಾರತದಿಂದ ಅಮೆರಿಕಕ್ಕೆ ಬಂದು ಈ ದಕ್ಷಿಣ ರಾಜ್ಯಗಳಲ್ಲಿ ಮೇವಿಗೆ, ಹಕ್ಕಿಗೆ ಬೆಳೆಯಾಯಿತು. ಊರಿನಲ್ಲಿ ಹುಣಸೆಮರದ ನೆರಳಲ್ಲೂ ಬರುವ ಬೆಳೆ ಇಲ್ಲಿ ಪೈನ್ ಮರಗಳ ಅಂಚಿನಲ್ಲೂ ಬರುತ್ತದೆ. ಅರವತ್ತೇ ದಿನಕ್ಕೆ ಮಾಗುವುದರಿಂದ ಜೂನ್ ಮಧ್ಯದಲ್ಲಿ ಬಿತ್ತಿದರೂ ತಡವಾಗುವುದಿಲ್ಲ. ಎರಚಿ ಬಿತ್ತುವುದಾದರೆ ಎಕರೆಗೆ ಒಂಬತ್ತು ಕೆ.ಜಿ., ಒಂದೆರಡು ಸೆಂ.ಮೀ. ಆಳ. ಮಾಗಿದ ಕಾಳು ತಾನಾಗಿಯೇ ನೆಲಕ್ಕೆ ಉದುರುತ್ತದೆ. ನಮ್ಮ ರೈತರಿಗೆ ನಷ್ಟವಾದ ಆ ಗುಣವೇ ಇಲ್ಲಿ ಲಾಭ. ಬರಗು ಕೂಡ ಚೆನ್ನಾಗಿ ಬರುತ್ತದೆ, ಆದರೆ ಎಂಬತ್ತಕ್ಕೂ ಹೆಚ್ಚು ದಿನ ಕೇಳುತ್ತದೆ.

ನನ್ನ ಈಗಿನ ಪದ್ಧತಿ ಹೀಗಿದೆ: ನಾಲ್ಕು ಎಕರೆ ಸೂರ್ಯಕಾಂತಿ, ಅದರ ನಡುವೆ ಪಟ್ಟಿ ಪಟ್ಟಿಯಾಗಿ ಎರಡು ಎಕರೆ ಕೊರಲೆ. ಎಕರೆಗೆ ಸುಮಾರು 30 ಕೆ.ಜಿ. ಸಾರಜನಕ, ಉಳಿದದ್ದೆಲ್ಲ ಮಣ್ಣಿನ ವರದಿಯಂತೆ.

ಕಳೆ

ಮೊದಲ ವರ್ಷ ನಾನು ಸೋತದ್ದು ಇಲ್ಲೇ. ಸೂರ್ಯಕಾಂತಿ ಎದೆಯೆತ್ತರ ಬೆಳೆದು ಹೂಬಿಟ್ಟ ಸಂಭ್ರಮದಲ್ಲಿ ಬುಡದತ್ತ ನೋಡಲಿಲ್ಲ. ಜುಲೈ ಮಳೆಗೆ ಹುಲ್ಲು ಚಾಪೆ ಹಾಸಿದಂತೆ ಹಬ್ಬಿತು. ಬಿತ್ತಿದ ಮೂರನೆಯ ವಾರ ಮೊದಲ ಎಡೆಕುಂಟೆ, ಗಿಡ ಮೊಣಕಾಲಿಗೆ ಬಂದಾಗ ಎರಡನೆಯದು. ಅದಾದ ಮೇಲೆ ಗಿಡದ ನೆರಳು ಸಾಲನ್ನು ಮುಚ್ಚುತ್ತದೆ. ಕಳೆನಾಶಕ ಬಳಸುವವರು, ಅದನ್ನು ತಾಳಿಕೊಳ್ಳುವ ಕ್ಲಿಯರ್‌ಫೀಲ್ಡ್ ಎಂಬ ತಳಿಯ ಸೂರ್ಯಕಾಂತಿ ಬಿತ್ತಿ ಅದಕ್ಕೆ ಹೊಂದುವ ಔಷಧಿಯನ್ನು ಸಿಂಪಡಿಸುತ್ತಾರೆ. ನಾನು ಬಿತ್ತನೆಗೆ ಮುಂಚೆ ಒಮ್ಮೆ ಮಾತ್ರ ಸಿಂಪಡಿಸಿ ಆಮೇಲೆ ಕುಂಟೆಯನ್ನೇ ನಂಬಿದ್ದೇನೆ. ಆಗಸ್ಟ್ ಮೊದಲ ವಾರ ಸಾಲಿನ ನಡುವೆ ಕುಕ್ಕರುಗಾಲಲ್ಲಿ ಕುಳಿತು ನೋಡಿ. ಇಪ್ಪತ್ತು ಅಡಿ ದೂರದ ಮಣ್ಣು ಕಣ್ಣಿಗೆ ಕಂಡರೆ ಬೆಳವಕ್ಕೂ ಕಾಣುತ್ತದೆ.

ಕತ್ತರಿಸುವ ಕಾಲ

ಎಲ್ಲವನ್ನೂ ಒಂದೇ ದಿನ ಕತ್ತರಿಸಿದರೆ ಎಲ್ಲ ಕಾಳೂ ಒಟ್ಟಿಗೆ ಬಿದ್ದು, ಒಂದು ಜೋರು ಮಳೆಗೆ ಮೊಳೆತು ಹಾಳಾಗುತ್ತದೆ. ಆದ್ದರಿಂದ ಮೂರು ಕಂತು ಮಾಡಿ.

ಋತು ಆರಂಭಕ್ಕೆ ಮೂರು ವಾರ ಮುಂಚೆ ಸೂರ್ಯಕಾಂತಿಯ ತಲೆಗಳನ್ನು ಮುಟ್ಟಿ ನೋಡಿ. ಹಿಂಬದಿ ಹಸಿರಿನಿಂದ ಹಳದಿಗೆ, ಹಳದಿಯಿಂದ ಕಂದಿಗೆ ತಿರುಗಿ, ತಲೆ ಬಾಗಿರಬೇಕು. ಹೆಬ್ಬೆರಳಿನಿಂದ ಒತ್ತಿ ಉಜ್ಜಿದಾಗ ಬೀಜ ಚಟಪಟನೆ ಅಂಗೈಗೆ ಬಿದ್ದರೆ ಸಿದ್ಧ. ಅಂಟಿಕೊಂಡೇ ಇದ್ದರೆ ಇನ್ನೊಂದು ವಾರ ಕಾಯಿರಿ. ಹಸಿ ತಲೆಯನ್ನು ಯಂತ್ರಕ್ಕೆ ಕೊಟ್ಟರೆ ಅದು ಇಡಿಯಾಗಿ ಬಿದ್ದು ಕೊಳೆಯುತ್ತದೆ. ಸಿದ್ಧವಾದಾಗ ಹೊಲದ ನಡುಭಾಗದಲ್ಲಿ ಮೂವತ್ತು ಅಡಿ ಅಗಲದ ಪಟ್ಟಿಯನ್ನು ನೆಲಕ್ಕೆ ಹತ್ತಿರವಾಗಿ ಕತ್ತರಿಸಿ. ಕಸಕಡ್ಡಿ ದಪ್ಪವಾಗಿ ಬಿದ್ದ ಕಡೆ ಹ್ಯಾರೋವನ್ನು ಮೇಲುಮೇಲಕ್ಕೆ ಒಮ್ಮೆ ಎಳೆಯಿರಿ. ಆಳಕ್ಕೆ ಹೋದರೆ ಬೀಜವೆಲ್ಲ ಮಣ್ಣುಪಾಲು. ಎರಡನೆಯ ಪಟ್ಟಿಯನ್ನು ವಾರ ಬಿಟ್ಟು, ಮೂರನೆಯದನ್ನು ಬೇಟೆಗೆ ನಾಲ್ಕೈದು ದಿನ ಮುಂಚೆ ಕತ್ತರಿಸಿ. ಕಾಲುಭಾಗ ಬೆಳೆ ನಿಂತೇ ಇರಲಿ. ಬೇಟೆಗಾರರಿಗೆ ಮರೆಯೂ ಆಯಿತು, ಋತುವಿನ ಮುಂದಿನ ದಿನಗಳಿಗೆ ಕಾಳೂ ಆಯಿತು.

ಎರಡನೆಯ ವರ್ಷ ಮೊದಲ ಪಟ್ಟಿ ಕತ್ತರಿಸಿದ ನಾಲ್ಕನೆಯ ಬೆಳಿಗ್ಗೆ ತಂತಿಯ ಮೇಲೆ ಏಳು ಹಕ್ಕಿ ಎಣಿಸಿದೆ. ಒಂದು ಕೆಳಗಿಳಿದು ಹತ್ತು ಹೆಜ್ಜೆ ನಡೆದು ತಲೆ ತಗ್ಗಿಸಿತು. ಮಿಕ್ಕವು ಅದರ ಹಿಂದೆಯೇ ಇಳಿದವು. ವಾರದೊಳಗೆ ಎಣಿಸಲಾಗದಷ್ಟು ಬಂದವು. ಆ ಬೆಳಿಗ್ಗೆಯ ಸಂತೋಷ ಬೇಟೆಯ ದಿನದ ಸಂತೋಷಕ್ಕಿಂತ ದೊಡ್ಡದಾಗಿತ್ತು. ಹಕ್ಕಿ ಬರತೊಡಗಿದ ಮೇಲೆ ಹೊಲದೊಳಗೆ ಓಡಾಟ ಕಡಿಮೆ ಮಾಡಿ.

ಬೇಟೆಯ ದಿನ

ಪರವಾನಗಿ, ವಲಸೆ ಹಕ್ಕಿಗಳ ನೋಂದಣಿ ಎರಡೂ ಬೇಕು. ಕೋವಿಯಲ್ಲಿ ಮೂರಕ್ಕಿಂತ ಹೆಚ್ಚು ತೋಟಾ ಹಿಡಿಯುವಂತಿರಬಾರದು. ಒಬ್ಬರಿಗೆ ದಿನಕ್ಕೆ 15 ಹಕ್ಕಿಯ ಮಿತಿ. ಯಾರೆಲ್ಲಿ ಕೂರಬೇಕೆಂದು ಹಿಂದಿನ ಸಂಜೆಯೇ ಗೂಟ ನೆಟ್ಟು ತೋರಿಸಿ. ಹಕ್ಕಿಯ ಹಿಂದೆ ಆಕಾಶ ಕಾಣದಿದ್ದರೆ ಗುಂಡು ಹಾರಿಸಬಾರದೆಂದು ಎಲ್ಲರಿಗೂ ಹೇಳಿ, ಮಕ್ಕಳಿಗೆ ಎರಡು ಸಲ ಹೇಳಿ. ಬಿದ್ದ ಹಕ್ಕಿ ಮಣ್ಣಿನ ಬಣ್ಣದಲ್ಲೇ ಕರಗಿಹೋಗುತ್ತದೆ. ಹುಡುಕಿ ತರುವುದು ಹೊಡೆದವನ ಹೊಣೆ. ಕತ್ತರಿಸಿದ ಪಟ್ಟಿಯ ಮೇಲೆ ಬಂದಾಗ ಮಾತ್ರ ಹೊಡೆದರೆ ಹುಡುಕಾಟದ ಅರ್ಧ ಕಷ್ಟ ತಪ್ಪುತ್ತದೆ.

ಸೀಸದ ಗುಂಡಿನ ಬದಲು ಉಕ್ಕಿನ ಗುಂಡನ್ನೇ ಬಳಸಿ ಎಂದು ನಾನು ಅತಿಥಿಗಳನ್ನು ಒತ್ತಾಯಿಸುತ್ತೇನೆ. ನೆಲಕ್ಕೆ ಬಿದ್ದ ಸೀಸವನ್ನು ಬೆಳವ ಕಾಳೆಂದು ನುಂಗಿ ವಿಷವೇರಿ ಸಾಯುತ್ತದೆ. ಹಕ್ಕಿ ಹೆಕ್ಕಲೆಂದೇ ಬರಿದು ಮಾಡಿಟ್ಟ ನೆಲದಲ್ಲಿ ಸೀಸ ಚೆಲ್ಲುವುದು ನನ್ನಿಂದಾಗದು.

ಸೂರ್ಯ ಮುಳುಗಲು ಒಂದು ಗಂಟೆ ಇರುವಾಗ ಕೋವಿ ಕೆಳಗಿಡಿಸಿ. ಸಂಜೆಯ ಕೊನೆಯ ಮೇವು ಹಕ್ಕಿಗೆ ಸಿಕ್ಕರೆ ಅವು ಹೊಲವನ್ನು ಬಿಟ್ಟುಹೋಗುವುದಿಲ್ಲ. ಮತ್ತೆ ಒಂದು ವಾರ ಆ ಹೊಲದಲ್ಲಿ ಬೇಟೆ ಬೇಡ. ಆ ವಾರದ ನಡುವೆ ಒಂದು ದಿನ, ನಿಲ್ಲಿಸಿಟ್ಟ ಬೆಳೆಯಿಂದ ಇನ್ನೊಂದು ಪಟ್ಟಿಯನ್ನು ಕತ್ತರಿಸಿ ಬನ್ನಿ.