ದೊಡ್ಡ ಕೌದಿ ಹೊಲಿಯಲು ಯಾವ ಮೆಷಿನ್ ಕೊಳ್ಳಬೇಕು?

ಮೈಸೂರಿನ ಅಶೋಕ ರಸ್ತೆಯಲ್ಲಾಗಲಿ ಮಂಡ್ಯದ ಪೇಟೆ ಬೀದಿಯಲ್ಲಾಗಲಿ, ಹೊಲಿಗೆ ಮೆಷಿನ್ ಬೇಕು ಎಂದ ಕೂಡಲೇ ಅಂಗಡಿಯವರು ಡಿಸೈನುಗಳ ಪಟ್ಟಿ ಮುಂದಿಡುತ್ತಾರೆ. ‘ಇದ್ರಲ್ಲಿ ಇಪ್ಪತ್ತೊಂದು ಬರುತ್ತೆ ಮೇಡಂ, ಕಾಜಾನೂ ಇದೇ ಮಾಡುತ್ತೆ. ಅದ್ರಲ್ಲಾದ್ರೆ ನೂರು.’ ರವಿಕೆ, ಫ್ರಾಕು ಹೊಲಿಯುವವರಿಗೆ ಇವು ಉಪಯೋಗಕ್ಕೆ ಬಂದಾವು. ಡಬಲ್ ಕಾಟಿನ ಕೌದಿಗೆ ಕೈ ಹಾಕಿದವರಿಗೆ ಬೇಕಿರುವುದು ಒಂದೇ, ನೇರ ಹೊಲಿಗೆ. ಅದನ್ನು ಅತಿ ಅಗ್ಗದ ಮೆಷಿನ್ನೂ ಹಾಕುತ್ತದೆ. ದುಡ್ಡು ಸುರಿಯಬೇಕಾದದ್ದು ಸೂಜಿಯ ಬಲಗಡೆ ಇರುವ ಖಾಲಿ ಜಾಗಕ್ಕೆ.

ಮೊದಲು ಕೌದಿಯ ಲೆಕ್ಕ

ಮೆಷಿನ್ ನೋಡುವ ಮೊದಲು ಏನು ಹೊಲಿಯುತ್ತೀರಿ ಎಂಬುದನ್ನು ಕಾಗದದ ಮೇಲೆ ಬರೆದುಕೊಳ್ಳಿ. ಡಬಲ್ ಕಾಟಿನ ಮೇಲೆ ಹಾಸಿ ಮೂರು ಕಡೆ ಇಳಿಬಿಡಬೇಕಾದರೆ ಸುಮಾರು 90 ಇಂಚು ಅಗಲ, 100 ಇಂಚು ಉದ್ದ ಬೇಕು. ಹಳೆಯ ಸೀರೆಯಲ್ಲಿ ಇದು ಚೆನ್ನಾಗಿ ಹೊಂದುತ್ತದೆ. ಐದೂವರೆ ಮೀಟರ್ ಸೀರೆಯನ್ನು ನಡುಮಧ್ಯ ಕತ್ತರಿಸಿ ಎರಡು ತುಂಡನ್ನೂ ಪಕ್ಕಪಕ್ಕ ಕೂಡಿಸಿದರೆ ಅಗಲ ಹತ್ತಿರ ಹತ್ತಿರ 90 ಇಂಚು, ಉದ್ದ 108 ಇಂಚು. ಅಂದರೆ ಒಂದು ಸೀರೆಗೆ ಒಂದು ಪದರ. ನಾಲ್ಕು ಪದರವಾದರೆ ಎರಡು ಕಿಲೋ ಆಸುಪಾಸು ತೂಗುತ್ತದೆ. ತೆಳುವಾಗಿ ಕಂಡರೂ ಎಳೆಯುವಾಗ ಭಾರ ಗೊತ್ತಾಗುತ್ತದೆ. ಒಳಗೆ ಹತ್ತಿಯ ಹಾಸೋ ಪಾಲಿಯೆಸ್ಟರ್ ಹಾಸೋ ಇಟ್ಟರೆ ತೂಕಕ್ಕಿಂತ ಉಬ್ಬಿನದೇ ಕಾಟ. ಮೈಸೂರಿನ ಚಳಿಗೆ ಡಿಸೆಂಬರ್, ಜನವರಿ ಬಿಟ್ಟರೆ ಅಷ್ಟು ದಪ್ಪದ ಹೊದಿಕೆ ಯಾಕೆ ಬೇಕು ಎಂಬುದು ನನ್ನ ಅನುಮಾನ. ಆದರೆ ಮಾರಾಟಕ್ಕೆ ಹೊಲಿಯುವವರು ಕೊಳ್ಳುವವರ ಇಷ್ಟ ನೋಡಲೇಬೇಕು.

ಸೂಜಿಯಿಂದ ಕಂಬದವರೆಗೆ

90 ಇಂಚಿನ ಕೌದಿಯ ನಡುಮಧ್ಯ ಒಂದು ಸಾಲು ಹೊಲಿಯಬೇಕು ಎಂದುಕೊಳ್ಳಿ. ಎಡಗಡೆಯ 45 ಇಂಚು ಮೇಜಿನ ಮೇಲೆ ಬಿದ್ದಿರುತ್ತದೆ, ಅದರ ಚಿಂತೆಯಿಲ್ಲ. ಬಲಗಡೆಯ 45 ಇಂಚನ್ನು ಸುರುಳಿ ಸುತ್ತಿ ಸೂಜಿಗೂ ಮೆಷಿನ್ನಿನ ಬಲಗಂಬಕ್ಕೂ ನಡುವೆ ತೂರಿಸಬೇಕು. ಕಾಲಿಂಚು ದಪ್ಪದ ಕೌದಿಯನ್ನು ಎಷ್ಟೇ ಬಿಗಿಯಾಗಿ ಸುತ್ತಿದರೂ ಆ ಸುರುಳಿ ಮೂರೂ ಮುಕ್ಕಾಲು ಇಂಚಿಗೆ ಕಡಿಮೆ ಬರುವುದಿಲ್ಲ. ಕೈಯಲ್ಲಿ ಸುತ್ತಿದ್ದು ಸಡಿಲವಾಗಿ ಐದಿಂಚೇ ಆಗುತ್ತದೆ. ಮನೆಯ ಸಾಮಾನ್ಯ ಮೆಷಿನ್ನುಗಳಲ್ಲಿ ಈ ಜಾಗ ಆರೂವರೆ, ಏಳು ಇಂಚು ಅಷ್ಟೆ. ಕೈ ಆಡಿಸಲು ಉಳಿಯುವುದು ಒಂದೂವರೆ, ಎರಡು ಇಂಚು. ಸುರುಳಿ ಕಂಬಕ್ಕೆ ಒತ್ತಿಕೊಂಡರೆ ಬಟ್ಟೆ ಮುಂದೆ ಸರಿಯುವುದಿಲ್ಲ, ಹೊಲಿಗೆ ಒಂದು ಕಡೆ ಸಣ್ಣ, ಇನ್ನೊಂದು ಕಡೆ ಉದ್ದ ಬೀಳುತ್ತದೆ. ಕೊನೆಗೆ ಬೈಸಿಕೊಳ್ಳುವುದು ಮೆಷಿನ್ನು.

ಹಾಗಾಗಿ ಅಂಗಡಿಗೆ ಟೇಪು ತೆಗೆದುಕೊಂಡು ಹೋಗಿ. ಮೆಷಿನ್ನಿನ ಒಟ್ಟು ಉದ್ದ ಕೇಳಬೇಡಿ. ಸೂಜಿಯ ತುದಿಯಿಂದ ಕಂಬದ ಒಳಬದಿಗೆ ಅಳೆಯಿರಿ. ಕಂಬದಿಂದ ಸೂಜಿಯತ್ತ ಚಾಚಿರುವ ತೋಳಿನ ಅಡಿಯ ಎತ್ತರವನ್ನೂ ಅಳೆಯಿರಿ, ಸುರುಳಿ ತೂರಬೇಕಾದದ್ದು ಅಲ್ಲಿಂದಲೇ.

ಯಾವುದರಲ್ಲಿ ಎಷ್ಟು ಜಾಗ

ಅಮ್ಮನ ಕಾಲದ ತುಳಿಯುವ ಮೆಷಿನ್ ಮನೆಯಲ್ಲಿದ್ದರೆ ಗುಜರಿಗೆ ಹಾಕುವ ಮುನ್ನ ಒಮ್ಮೆ ಯೋಚಿಸಿ. ಜಾಗ ಏಳಿಂಚೇ ಇದ್ದರೂ ಅದರ ಹೆಡ್, ಅಂದರೆ ಹೊಲಿಯುವ ಯಂತ್ರದ ಭಾಗ, ಮರದ ಹಲಗೆಗೆ ಸಮನಾಗಿ ಕೂತಿರುತ್ತದೆ. ಕೌದಿಯ ಭಾರ ಸೂಜಿಯಿಂದ ಕೆಳಕ್ಕೆ ಜಗ್ಗುವುದಿಲ್ಲ. ಮೇಜಿನ ಮೇಲಿಡುವ ಆಟೊಮ್ಯಾಟಿಕ್ ಮೆಷಿನ್ನಿನಲ್ಲಿ ಹೊಲಿಯುವ ಜಾಗ ಮೇಜಿಗಿಂತ ಮೂರ್ನಾಲ್ಕು ಇಂಚು ಎತ್ತರದಲ್ಲಿರುತ್ತದೆ, ಬಟ್ಟೆ ಆ ಅಂಚಿನಿಂದ ಇಳಿಬಿದ್ದು ಎಳೆಯುತ್ತಲೇ ಇರುತ್ತದೆ. ಅದನ್ನೇ ಕೊಳ್ಳುವುದಾದರೆ ಬಡಗಿಗೆ ಹೇಳಿ ಮೇಜಿನಲ್ಲಿ ಅದರಳತೆಯ ಕಿಂಡಿ ಕೊಯ್ಸಿ, ಮೆಷಿನ್ನನ್ನು ಒಳಗಿಳಿಸಿ ಕೂರಿಸಿ. ಈ ಖರ್ಚನ್ನೂ ಮೆಷಿನ್ನಿನ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಬೇಕು.

ಮುಂದಿನದು ಜೂಕಿ ಕಂಪನಿಯ ಫ್ಯಾಕ್ಟರಿ ಮೆಷಿನ್. ಶ್ರೀರಂಗಪಟ್ಟಣ, ಮದ್ದೂರು ಕಡೆ ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳಿಗೆ ಇದನ್ನು ಪರಿಚಯಿಸಬೇಕಿಲ್ಲ. ಯಾವ ಕಂಪನಿಯದಾದರೂ ಅವರ ಬಾಯಲ್ಲಿ ‘ಜೂಕಿ’ಯೇ. ಸೂಜಿಯ ಬಲಕ್ಕೆ ಹತ್ತು ಇಂಚಿನ ಮೇಲೆ ಜಾಗ, ನಾಲ್ಕಡಿಯ ಟೇಬಲ್, ಹೆಡ್ ಅದಕ್ಕೆ ಸಮ. ಮಂಡಿಯಿಂದ ಒತ್ತಿದರೆ ಬಟ್ಟೆಯನ್ನು ಅದುಮಿ ಹಿಡಿಯುವ ಮೆಷಿನ್ನಿನ ಪಾದ ಮೇಲೇಳುತ್ತದೆ, ಎರಡೂ ಕೈ ಕೌದಿ ಹಿಡಿಯಲು ಬಿಡುವಾಗಿರುತ್ತವೆ. ಇದೊಂದು ಸೌಲಭ್ಯಕ್ಕೇ ನಾನು ಜೂಕಿಯ ಪಕ್ಷ. ಡಿಡಿಎಲ್-8700 ಹೆಚ್ಚು ಬಳಕೆಯಲ್ಲಿರುವ ಮಾದರಿ. ಕೊನೆಗೆ ಎಚ್ ಇದ್ದರೆ ದಪ್ಪ ಬಟ್ಟೆಯದು. ಆರೇಳು ಪದರದ ಕೌದಿಗೆ ಎಚ್ ಸರಿ. ತೆಳುವಾದ ಮಲ್ ಬಟ್ಟೆಗೆ ಅಡಿಯಿಂದ ಬಟ್ಟೆಯನ್ನು ಸಾಗಿಸುವ ಅದರ ಒರಟು ಹಲ್ಲು ಗುರುತು ಬೀಳಿಸಬಹುದು.

ಇದರ ಕೊರತೆಯನ್ನೂ ಹೇಳಬೇಕು. ನಿಮಿಷಕ್ಕೆ 5,500 ಹೊಲಿಗೆವರೆಗೆ ಓಡಬಲ್ಲ ಮೆಷಿನ್ ಇದು. ಹಳೆಯ ಕ್ಲಚ್ ಮೋಟರ್ ಇದ್ದರೆ ಕಾಲಿಟ್ಟ ಕೂಡಲೇ ಹಾರುತ್ತದೆ, ಸುಮ್ಮನೆ ನಿಂತಿದ್ದಾಗಲೂ ಗುಂಯ್‌ಗುಡುತ್ತ ಕರೆಂಟು ತಿನ್ನುತ್ತದೆ. ಸರ್ವೋ ಮೋಟರನ್ನೇ ಕೇಳಿ. ಅದು ತುಳಿದಾಗ ಮಾತ್ರ ತಿರುಗುತ್ತದೆ, ವೇಗಕ್ಕೆ ಮಿತಿಯನ್ನೂ ಇಡಬಹುದು. ಫ್ಯಾಕ್ಟರಿಯಿಂದ ಬಂದ ಸೆಕೆಂಡ್ ಹ್ಯಾಂಡ್ ಮೆಷಿನ್ನಿನಲ್ಲಿ ತ್ರೀ ಫೇಸ್ ಮೋಟರ್ ಇರುವುದುಂಟು. ಮನೆಯ ಸಿಂಗಲ್ ಫೇಸಿಗೆ ಅದು ನಡೆಯುವುದಿಲ್ಲ, ಮೋಟರಿನ ಮೇಲಿನ ತಗಡು ಓದಿಯೇ ಮಾತಾಡಿ. ಎಲ್ಲಕ್ಕಿಂತ ಮುಖ್ಯ, ಜೂಕಿಯಲ್ಲಿ ಹಲ್ಲನ್ನು ಸುಲಭವಾಗಿ ಕೆಳಗಿಳಿಸಲು ಬರುವುದಿಲ್ಲ. ನೇರ ಸಾಲು, ಚೌಕ, ಓರೆಗೆರೆ ಹೊಲಿಯುವವರಿಗೆ ಅದರಿಂದ ತೊಂದರೆಯಿಲ್ಲ. ಬಳ್ಳಿ, ಹೂವು, ಸುರುಳಿ ಎಂದು ಬಟ್ಟೆಯನ್ನು ಬೇಕಾದತ್ತ ತಿರುಗಿಸಿ ಹೊಲಿಯುವವರಿಗೆ ಹಲ್ಲು ಇಳಿಯಲೇಬೇಕು.

ಅಂಥವರಿಗಾಗಿಯೇ ಜೂಕಿಯ ಟಿಎಲ್ ಸಾಲಿನ ಮೆಷಿನ್ನುಗಳಿವೆ. ಇವೂ ನೇರ ಹೊಲಿಗೆ ಮಾತ್ರ, ಜಾಗ ಎಂಟೂವರೆ ಇಂಚು, ನಿಮಿಷಕ್ಕೆ 1,500 ಹೊಲಿಗೆ, ಹಲ್ಲು ಇಳಿಯುತ್ತದೆ, ಮನೆಯ ಮೇಜಿನ ಮೇಲೆ ಕೂರುತ್ತದೆ. ಬೆಲೆ ಮಾತ್ರ ಫ್ಯಾಕ್ಟರಿ ಜೂಕಿಗಿಂತ ಬಹಳ ಮೇಲೆ. ಚೌಕಟ್ಟಿಗೆ ಕೌದಿ ಬಿಗಿದು, ಬಟ್ಟೆಯ ಬದಲು ಮೆಷಿನ್ನನ್ನೇ ಓಡಾಡಿಸುವ ಲಾಂಗ್ ಆರ್ಮ್ ಇನ್ನೊಂದು. ಅದಕ್ಕೊಂದು ಕೋಣೆಯೇ ಬೇಕು, ವ್ಯಾಪಾರಕ್ಕಲ್ಲದೆ ಅದರ ಮಾತು ಬೇಡ.

ಅಂಗಡಿಯಲ್ಲಿ ಪರೀಕ್ಷೆ

ಅಂಗಡಿಯವರು ಕೊಡುವ ಚಿಂದಿಯ ಮೇಲೆ ಹೊಲಿದು ನೋಡಿದರೆ ಏನೂ ತಿಳಿಯುವುದಿಲ್ಲ, ಆ ತುಂಡಿನ ಮೇಲೆ ಎಲ್ಲ ಮೆಷಿನ್ನೂ ಚೆನ್ನಾಗಿಯೇ ಹೊಲಿಯುತ್ತದೆ. ಮನೆಯಿಂದ ಎರಡು ಸಾಮಾನು ಒಯ್ಯಿರಿ: ನಿಮ್ಮ ಕೌದಿಯಷ್ಟೇ ಪದರವಿಟ್ಟು ಕಚ್ಚಾ ಹೊಲಿಗೆ ಹಾಕಿದ ಒಂದಡಿ ಚೌಕದ ತುಂಡು, ಜೊತೆಗೆ ಐದಿಂಚು ದಪ್ಪಕ್ಕೆ ಸುತ್ತಿ ದಾರ ಕಟ್ಟಿದ ಹಳೆಯ ಕಂಬಳಿ.

ಮೊದಲು ಕಂಬಳಿಯನ್ನು ತೋಳಿನಡಿ ತೂರಿಸಿ, ಪಕ್ಕದಲ್ಲಿ ಕೈ ಹಿಡಿಸುತ್ತದೆಯೇ ನೋಡಿ. ಆಮೇಲೆ 16ನೇ ನಂಬರ್ ಸೂಜಿ ಹಾಕಿಸಿ ಚೌಕದ ಮೇಲೆ ಹತ್ತಿಂಚು ನಿಧಾನಕ್ಕೆ ಹೊಲಿಯಿರಿ. ವೇಗವಾಗಿ ಹೊಲಿಯುವುದು ಸುಲಭ. ನಿಧಾನಕ್ಕೆ ಹೊಲಿದಾಗ ದಪ್ಪದಲ್ಲಿ ಸೂಜಿ ನಿಂತರೆ ಆ ಮೋಟರಿಗೆ ದಮ್ಮಿಲ್ಲ ಎಂದರ್ಥ. ಪದರಗಳು ಕೂಡುವ ಗಂಟಿನ ಜಾಗದ ಮೇಲೆ ಬೇಕೆಂದೇ ಹಾಯಿಸಿ. ಈಗ ತುಂಡನ್ನು ಮಗುಚಿ. ಅಡಿಯಲ್ಲಿ ದಾರ ಗೂಡು ಕಟ್ಟಿದೆಯೇ? ಹೊಲಿಗೆ ಬಿಟ್ಟು ಬಿಟ್ಟು ಬಿದ್ದಿದೆಯೇ? ಮೇಲಿನ ಪದರ ಮುಂದಕ್ಕೆ ತಳ್ಳಿಕೊಂಡು ತುದಿಯಲ್ಲಿ ಅರ್ಧ ಇಂಚು ಹೆಚ್ಚಾಗಿ ಉಳಿದಿದೆಯೇ? ಕಡೆಯದು ಕಂಡರೆ ಪಾದದ ಒತ್ತಡ ಸಡಿಲಿಸಿ ಇನ್ನೊಮ್ಮೆ ಹೊಲಿಯಿರಿ. ಮನೆಯ ಮೆಷಿನ್ನಿಗಾದರೆ ವಾಕಿಂಗ್ ಫುಟ್ ಕೇಳಿ, ಅದು ಕೆಳಗಿನ ಹಲ್ಲಿನ ಜೊತೆಗೇ ಮೇಲಿನ ಪದರವನ್ನೂ ಹಿಂದಕ್ಕೆ ಸಾಗಿಸುತ್ತದೆ.

ಸೆಕೆಂಡ್ ಹ್ಯಾಂಡ್ ಆದರೆ ಕರೆಂಟು ತೆಗೆಸಿ ಗಾಲಿಯನ್ನು ಕೈಯಲ್ಲಿ ತಿರುಗಿಸಿ, ಎಲ್ಲೂ ಬಿಗಿಯಾಗಬಾರದು. ಸೂಜಿಯ ದಂಡವನ್ನು ಬೆರಳಲ್ಲಿ ಹಿಡಿದು ಅಲ್ಲಾಡಿಸಿ, ಆಟ ಕೊಡಬಾರದು. ಸೂಜಿ ಇಳಿಯುವ ತೂತಿನ ಅಂಚಿಗೆ ಉಗುರು ಆಡಿಸಿ, ಚೂಪು ತಾಗಿದರೆ ಅಲ್ಲೇ ದಾರ ಹರಿಯುತ್ತಿರುತ್ತದೆ. ಫ್ಯಾಕ್ಟರಿ ಜೂಕಿಗೆ ಹಾಕುವ ಸೂಜಿಯ ಬುಡ ದುಂಡಗಿರುತ್ತದೆ, ಮನೆ ಮೆಷಿನ್ನಿನದು ಒಂದು ಕಡೆ ಚಪ್ಪಟೆ. ಒಂದರದು ಇನ್ನೊಂದಕ್ಕೆ ಆಗುವುದಿಲ್ಲ. ಒಂದೆರಡು ಪ್ಯಾಕೆಟ್ ಅಲ್ಲೇ ಕೊಂಡುಬಿಡಿ.

ಹೊಲಿಗೆಯನ್ನೇ ಕಸುಬು ಮಾಡಿಕೊಂಡವರಿಗೆ ಒಂದು ಮಾತು. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಸೇರಿದೆ, ಸಲಕರಣೆಗೆ 15,000 ರೂಪಾಯಿವರೆಗೆ ನೆರವಿದೆ. ಅರ್ಜಿಯ ಸ್ಥಿತಿಗತಿ ವಿಚಾರಿಸಿಕೊಂಡು ಆಮೇಲೆ ಮುಂಗಡ ಕೊಡಿ.

ಕೊಳ್ಳದೆಯೂ ಆಗುತ್ತದೆ

ವರ್ಷಕ್ಕೊಂದೋ ಎರಡೋ ಕೌದಿ ಹೊಲಿಯುವವರು ಇರುವ ಮೆಷಿನ್ನಿನಲ್ಲೇ ಮುಗಿಸಬಹುದು. 90 ಇಂಚನ್ನು 30ರ ಮೂರು ಪಟ್ಟಿ ಮಾಡಿ, ಪ್ರತಿ ಪಟ್ಟಿಯನ್ನೂ ಪದರ ಸಮೇತ ಬೇರೆ ಬೇರೆ ಹೊಲಿದು ಕಡೆಯಲ್ಲಿ ಕೂಡಿಸಿ. ಪಟ್ಟಿಯ ಹೊಲಿಗೆಗೆ ತೋಳಿನಡಿ ಹೋಗುವುದು ಹೆಚ್ಚೆಂದರೆ 15 ಇಂಚಿನ ಸುರುಳಿ. ಕೂಡಿಸುವಾಗ ದೊಡ್ಡ ಭಾಗವನ್ನು ಎಡಕ್ಕೆ ಬಿಟ್ಟುಕೊಂಡರಾಯಿತು. ಕೂಡಿಸಿದ ಗೆರೆ ಮುಚ್ಚಲು ಎರಡಿಂಚಿನ ಪಟ್ಟಿ ಬೇಕು, ಅದು ಸೀರೆಯ ಅಂಚಾದರೆ ನೋಡಲೂ ಚೆಂದ.

ಇಡಿಯಾಗಿಯೇ ಹೊಲಿಯುವವರು ನಡುವಿನಿಂದ ಶುರು ಮಾಡಿ. ಉತ್ತರ ಕನ್ನಡದ ಸಿದ್ದಿ ಹೆಂಗಸರು ಕೈಯಲ್ಲಿ ಹೊಲಿಯುವಾಗ ಅಂಚಿನಿಂದ ಸುತ್ತುತ್ತ ಒಳಕ್ಕೆ ಬರುತ್ತಾರೆ, ಕೈಹೊಲಿಗೆಯಲ್ಲಿ ಸುಕ್ಕನ್ನು ಆಗಿಂದಾಗ್ಗೆ ಸವರಿಕೊಳ್ಳಲು ಆಗುತ್ತದೆ. ಮೆಷಿನ್ನಿನಲ್ಲಿ ಹಾಗೆ ಮಾಡಿದರೆ ಸುಕ್ಕೆಲ್ಲ ನಡುವೆ ಬಂದು ಸಿಕ್ಕಿಕೊಳ್ಳುತ್ತದೆ. ನಡುವಿನ ಸಾಲು ಮುಗಿದರೆ ಬಲಗಡೆಯ ಸುರುಳಿ ಸಾಲಿನಿಂದ ಸಾಲಿಗೆ ಸಣ್ಣದಾಗುತ್ತ ಹೋಗುತ್ತದೆ. ಒಂದು ಅರ್ಧ ಮುಗಿದ ಮೇಲೆ ಕೌದಿಯನ್ನು ತಿರುಗಿಸಿ ಇನ್ನೊಂದು ಅರ್ಧ.

ಜೂಕಿಯ ಹೆಡ್ಡೇ 30 ಕಿಲೋ ಹತ್ತಿರ ಇರುತ್ತದೆ. ಮಹಡಿ ಮನೆಯಾದರೆ ಹೊರುವವರ ಕೂಲಿ, ಟೇಬಲ್ ಜೋಡಿಸುವ ಮೆಕ್ಯಾನಿಕ್ ಯಾರು ಬರುತ್ತಾರೆ ಎಂಬುದನ್ನು ಬಿಲ್ಲು ಬರೆಯುವಾಗಲೇ ತೀರ್ಮಾನಿಸಿಕೊಳ್ಳಿ, ಬಿಲ್ಲಿನಲ್ಲಿ ಹೆಡ್ಡಿನ ನಂಬರನ್ನೂ ಬರೆಸಿ. ಎಣ್ಣೆ ತೊಟ್ಟಿ ತುಂಬಿಸಿದ ಮೇಲೆ ಮೊದಲ ಹತ್ತು ನಿಮಿಷ ಹಳೆಯ ಪಂಚೆಯ ಮೇಲೆ ಓಡಿಸಿ. ಬಿಳಿ ಕೌದಿಗೆ ಬಿದ್ದ ಎಣ್ಣೆ ಕಲೆ ಸುಲಭಕ್ಕೆ ಹೋಗುವುದಿಲ್ಲ.