ಬಟವಾಡಿಯಲ್ಲಿ ಕೂತು ಜಪಾನ್ ಗಾಡಿಯ ಹುಟ್ಟಿದ ತಿಂಗಳು ಹುಡುಕಿದ್ದು

ಇಲ್ಲಿಯವರೆಗೆ ಆರು ಜಪಾನ್ ಮಿನಿ ಟ್ರಕ್‌ಗಳ ವಯಸ್ಸು ಹೇಳಿದ್ದೇನೆ. ಒಂದನ್ನೂ ಕೈಯಿಂದ ಮುಟ್ಟಿಲ್ಲ. ಎಲ್ಲಾ ವಾಟ್ಸಾಪ್ ಫೋಟೋದಲ್ಲೇ.

ತುಮಕೂರಿನ ಬಟವಾಡಿಯಲ್ಲಿ ನನ್ನದೊಂದು ಸಣ್ಣ ಗ್ಯಾರೇಜು. ಇಪ್ಪತ್ತೆರಡು ವರ್ಷದಿಂದ ಹೆಚ್ಚಾಗಿ ಓಮ್ನಿ ಕೆಲಸ. 2019ರಲ್ಲಿ ಕಂಪನಿಯವರು ಓಮ್ನಿ ನಿಲ್ಲಿಸಿದರು, ನನ್ನ ಹತ್ರ ಬರುವ ಓಮ್ನಿಗಳು ಮಾತ್ರ ನಿಂತಿಲ್ಲ. ಸೀಟು ಎತ್ತಿದರೆ ಎಂಜಿನ್ನು, ಎಂಜಿನ್ ಪಕ್ಕ ನನ್ನ ಜೀವನ.

2024ರ ಏಪ್ರಿಲ್‌ನಲ್ಲಿ ನಮ್ಮಕ್ಕನ ಮಗ ಅಮೆರಿಕದಿಂದ ಫೋನ್ ಮಾಡಿದ. ಊರಾಚೆ ಮೂರು ಎಕರೆ ಜಾಗದಲ್ಲಿ ಮನೆ ಮಾಡಿಕೊಂಡಿದ್ದಾನೆ. ಸೌದೆ, ಗೊಬ್ಬರ ಹೊರೋದಕ್ಕೆ ಅಲ್ಲಿಯ ಆನೆಗಾತ್ರದ ಪಿಕಪ್ ಬೇಡ, ಜಪಾನಿನಿಂದ ಹಳೇ ಸುಜುಕಿ ಕ್ಯಾರಿ ಮಿನಿ ಟ್ರಕ್ ತರಿಸ್ತೀನಿ ಅಂದ. "ಮಾಮ, ನಿಮ್ಮ ಓಮ್ನಿ ಎಂಜಿನ್ನೇ ಅಂತೆ, ಒಂದ್ಸಲ ನೋಡಿ ಹೇಳಿ."

ಅದೇ ಎಂಜಿನ್ ಅಲ್ಲ. ಓಮ್ನಿಯದು 796 ಸಿಸಿಯ ಎಫ್8ಬಿ. ಅವನು ನೋಡಿದ್ದ ಕ್ಯಾರಿಯದು 657 ಸಿಸಿಯ ಎಫ್6ಎ. ಎರಡಕ್ಕೂ ಮೂರು ಸಿಲಿಂಡರು, ಎರಡಕ್ಕೂ ಟೈಮಿಂಗ್ ಬೆಲ್ಟು, ವಂಶ ಒಂದೇ. ದೊಡ್ಡಪ್ಪ–ಚಿಕ್ಕಪ್ಪನ ಮಕ್ಕಳು ಅಂದುಕೊಳ್ಳಿ. ಎಂಜಿನ್ ಬಗ್ಗೆ ಕೇಳ್ತಾನೆ ಅಂತ ನಾನು ತಯಾರಾಗಿದ್ದರೆ ಅವನ ತಲೆನೋವೇ ಬೇರೆ. ಗಾಡಿ ಯಾವ ವರ್ಷದ್ದು?

ಅಮೆರಿಕದ ಕಾನೂನು ಹೀಗಿದೆ: ಅವರ ಸುರಕ್ಷತಾ ನಿಯಮಕ್ಕೆ ಹೊಂದದ ಹೊರದೇಶದ ಗಾಡಿಯನ್ನು ಒಳಗೆ ತರಬೇಕಾದರೆ ಅದು ತಯಾರಾಗಿ 25 ವರ್ಷ ತುಂಬಿರಬೇಕು. ಲೆಕ್ಕ ತಯಾರಾದ ತಿಂಗಳಿಂದ. ಒಂದು ತಿಂಗಳು ಕಮ್ಮಿಯಿದ್ದರೂ ಬಂದರಲ್ಲಿ ಹಿಡಿದುಕೊಂಡರೆ ವಾಪಸ್ ಕಳಿಸಬೇಕು, ಇಲ್ಲವೇ ಪುಡಿ ಮಾಡಿಸಬೇಕು. ಮಾರುವವನು "98 ಮಾಡೆಲ್, 25 ದಾಟಿದೆ" ಅಂತಿದ್ದ. ಜಪಾನಿನ ಯಾರ್ಡ್‌ನಲ್ಲಿ ನಿಂತ ಬಿಳೀ ಟ್ರಕ್ಕು, ಹಡಗಿಗೆ ಹತ್ತಿಸೋದಷ್ಟೇ ಬಾಕಿ.

ನಾನು ಮೊದಲು ಚಾಸಿಸ್ ನಂಬರ್ ಕೇಳಿದೆ. ನಮ್ಮಲ್ಲಿ ಈಗಿನ ಗಾಡಿಗಳಿಗೆ 17 ಅಕ್ಷರ–ಅಂಕಿಯ ನಂಬರ್ ಇರುತ್ತೆ, ಸಾಮಾನ್ಯವಾಗಿ ಹತ್ತನೆಯದು ವರ್ಷದ ಗುರುತು. ಎ ಅಂದರೆ 2010, ಬಿ ಅಂದರೆ 2011. ಜಪಾನಿನವರು ತಮ್ಮೂರಿನಲ್ಲಿ ಮಾರೋದಕ್ಕೆ ಮಾಡಿದ ಗಾಡಿಗೆ ಈ ಪದ್ಧತಿಯೇ ಇಲ್ಲ. ಒಂದು ಮಾದರಿ ಸಂಕೇತ, ಅಡ್ಡಗೆರೆ, ಆಮೇಲೆ ಸರಣಿ ಸಂಖ್ಯೆ, ಅಷ್ಟೇ. ಅದರಲ್ಲಿ ವರ್ಷ ಅಡಗಿಲ್ಲ. ಕ್ಯಾಬಿನ್‌ನ ತಗಡಿನ ಪ್ಲೇಟಿನಲ್ಲೂ ಇಲ್ಲ; ಮಾದರಿ, ಎಂಜಿನ್, ಬಣ್ಣದ ಸಂಕೇತ ಎಲ್ಲಾ ಇರುತ್ತೆ, ತಾರೀಖು ಮಾತ್ರ ಇರಲ್ಲ. ಅಮೆರಿಕದಲ್ಲಿ 'ಮಾಡೆಲ್ ಇಯರ್' ಅಂತಾರಲ್ಲ, ಆ ಮಾತು ಈ ಗಾಡಿಗೆ ಹುಟ್ಟಿದಾಗ ಗೊತ್ತೇ ಇರಲಿಲ್ಲ. ಇರೋದು ಎರಡು ತಾರೀಖು: ಕಾರ್ಖಾನೆಯಿಂದ ಹೊರಬಿದ್ದದ್ದು, ರಸ್ತೆಗೆ ಇಳಿಯಲು ಕಾಗದ ಆದದ್ದು. ನಮ್ಮಲ್ಲಿ ಡಿಸೆಂಬರ್‌ನಲ್ಲಿ ತಯಾರಾದ ಗಾಡಿಯನ್ನು ಜನವರಿಯಲ್ಲಿ ರಿಜಿಸ್ಟರ್ ಮಾಡಿಸಿ ಹೊಸ ವರ್ಷದ್ದು ಅಂತ ಖುಷಿಪಡ್ತೀವಲ್ಲ, ಆ ತರಹದ ಎರಡು.

ಪ್ಲೇಟಿನ ಫೋಟೋ ಬಂತು. ಮೇಲೆ ಧೂಳು. ನಮ್ಮ ಆರ್‌ಟಿಓಗೆ ಕೊಡೋದಕ್ಕೆ ಚಾಸಿಸ್ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಟ್ರೇಸ್ ತೆಗೀತೀವಿ. ಹಾಗೆ ಉಜ್ಜಿದರೆ ಅಕ್ಷರ ತಿದ್ದಿದ್ದರೂ ಗೊತ್ತಾಗುತ್ತೆ. ಯಾರ್ಡಿನವನಿಗೆ ಅದನ್ನು ಅರ್ಥ ಮಾಡಿಸೋ ಅಷ್ಟರಲ್ಲಿ ಎರಡು ದಿನ ಹೋಯಿತು. ಕೊನೆಗೆ ಒರೆಸಿ ಫೋಟೋ ಹಾಕಿದ. ಸಂಕೇತ ಜಿಡಿ-ಡಿಬಿ52ಟಿ.

ಇದನ್ನು ಓದೋದು ಹೇಗೆ ಅಂತ ಹೇಳಿಬಿಡ್ತೀನಿ, ಯಾಕೆಂದರೆ ಅರ್ಧ ಉತ್ತರ ಇಲ್ಲೇ ಇದೆ. ಜಪಾನಿನ ಈ ಪುಟ್ಟ ಗಾಡಿಗಳ ವರ್ಗಕ್ಕೆ 'ಕೇ' ಅಂತಾರೆ. ಅಳತೆ, ಸಿಸಿ ಎಲ್ಲಾ ಸರ್ಕಾರವೇ ಗೊತ್ತು ಮಾಡಿದ್ದು. 1976ರಿಂದ 550 ಸಿಸಿ ಮಿತಿ, 1990ರಿಂದ 660. 1998ರ ಅಕ್ಟೋಬರ್‌ನಲ್ಲಿ ಉದ್ದ 3.3ರಿಂದ 3.4 ಮೀಟರ್‌ಗೆ, ಅಗಲ 1.4ರಿಂದ 1.48 ಮೀಟರ್‌ಗೆ ಏರಿತು. ಸುಜುಕಿ ಹೊಸ ಅಳತೆಯ ಕ್ಯಾರಿ ಟ್ರಕ್ ಮಾರಾಟಕ್ಕೆ ಬಿಟ್ಟಿದ್ದು 1999ರ ಜನವರಿಯಲ್ಲಿ. ಅದರಲ್ಲಿ ಎರಡು ಚಕ್ರಕ್ಕೆ ಎಳೆತ ಇರೋದು ಡಿಎ52ಟಿ, ನಾಲ್ಕಕ್ಕೂ ಇರೋದು ಡಿಬಿ52ಟಿ. ಅದಕ್ಕೂ ಹಿಂದೆ, 1991ರಿಂದ, ಡಿಸಿ51ಟಿ ಮತ್ತು ಡಿಡಿ51ಟಿ. ಮುಂದೆ ಅಂಟಿಸಿರುವ ಜಿಡಿ ಹೊಗೆ ನಿಯಮದ ಗುರುತು. ಹಳೇದಕ್ಕೆ ಬರೀ ವಿ ಇರ್ತಿತ್ತು. ಬೇರೆ ಕಂಪನಿಗಳಿಗೂ ಇದೇ ಕಾಲಕ್ಕೆ ಸಂಕೇತ ಬದಲಾಯಿತು. ಹೋಂಡಾ ಆಕ್ಟಿ ಎಚ್‌ಎ3, ಎಚ್‌ಎ4 ಇದ್ದದ್ದು 1999ರಲ್ಲಿ ಎಚ್‌ಎ6, ಎಚ್‌ಎ7 ಆಯಿತು. ದೈಹಾಟ್ಸು ಹೈಜೆಟ್ ಎಸ್100ಪಿ ಇದ್ದದ್ದು ಎಸ್200ಪಿ ಆಯಿತು.

ಪ್ಲೇಟ್ ನಂಬದವರು ಟೇಪು ಹಿಡಿಯಬಹುದು. ಹಳೇ ಕ್ಯಾರಿ ಅಗಲ 1395 ಮಿಲಿಮೀಟರ್, ಹೊಸದು 1475. ಎಂಟು ಸೆಂಟಿಮೀಟರ್ ವ್ಯತ್ಯಾಸವನ್ನು ಯಾವ ಪೇಂಟರೂ ಮುಚ್ಚಲಾರ. ಯಾರ್ಡಿನವನ ಅಳತೆ 1475 ಬಂತು.

ಅಲ್ಲಿಗೆ '98 ಮಾಡೆಲ್' ಅನ್ನೋ ಮಾತೇ ಸಂಶಯ. 98ರಲ್ಲಿ ಮಾರಾಟವೇ ಇಲ್ಲದ ಗಾಡಿ. ಆದರೂ ಜನವರಿ ಮಾರಾಟಕ್ಕೆ ಡಿಸೆಂಬರ್‌ನಲ್ಲೇ ಒಂದಷ್ಟು ಗಾಡಿ ಜೋಡಿಸಿರಬಹುದಲ್ಲ? ಅಳಿಯನ ಆಸೆ ಆ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ನಿಜ ಹೇಳಬೇಕೆಂದರೆ ನನ್ನದೂ.

ಕಾಗದ ತರಿಸಿದೆ. ಜಪಾನಿನಿಂದ ಗಾಡಿ ಹೊರಗೆ ಹೋಗುವಾಗ ಕೊಡುವ ರಫ್ತು ಪತ್ರ. ಮೊದಲ ನೋಂದಣಿ 1999 ಅಂತಿತ್ತು, ತಿಂಗಳ ಜಾಗ ಖಾಲಿ. "ಮಾಮ, ಇದೇನೋ ಮೋಸ, ತಿಂಗಳು ಮುಚ್ಚಿಟ್ಟಿದ್ದಾರೆ" ಅಂತ ಅಳಿಯ ಕೂಗಾಡಿದ. ಮೋಸ ಇಲ್ಲ. ಕೇ ಗಾಡಿಗಳಿಗೆ 2003ರ ಅಕ್ಟೋಬರ್‌ವರೆಗೆ ಅಲ್ಲಿಯ ಕಾಗದದಲ್ಲಿ ವರ್ಷ ಮಾತ್ರ ಬರೀತಿದ್ದರು, ತಿಂಗಳು ಬರೀತಿರಲಿಲ್ಲ. ಇದು ಗೊತ್ತಿಲ್ಲದೆ ಎಷ್ಟೋ ಜನ ಒಳ್ಳೇ ಗಾಡಿ ಬಿಟ್ಟಿದ್ದಾರೆ, ಕೆಲವರು ಖಾಲಿ ಜಾಗಕ್ಕೆ ತಾವೇ ಜನವರಿ ತುಂಬಿಕೊಂಡು ಕೆಟ್ಟಿದ್ದಾರೆ.

ಕಾಗದ ಕೈಕೊಟ್ಟ ಮೇಲೆ ಗಾಡಿಯನ್ನೇ ಕೇಳಬೇಕು.

ಇಲ್ಲಿ ನಮ್ಮಪ್ಪನ ವಿಷಯ ಬರುತ್ತೆ. ಅವರು ತುಮಕೂರಿನ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿದ್ದವರು. ಎಚ್‌ಎಂಟಿಗೆ ಗಡಿಯಾರ ಕಲಿಸಿದ್ದು ಜಪಾನಿನ ಸಿಟಿಜನ್ ಕಂಪನಿ. ಸಿಟಿಜನ್ ವಾಚ್ ತಿರುಗಿಸಿ ಹಿಂದಿನ ನಂಬರಿನ ಮೊದಲ ಅಂಕಿ ವರ್ಷ, ಮುಂದಿನ ಎರಡು ತಿಂಗಳು ಅಂತ ಅಪ್ಪ ಓದಿ ಹೇಳ್ತಿದ್ದರು. ಅವರ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಕಪ್ಪು ಭೂತಗನ್ನಡಿ ಈಗಲೂ ನನ್ನ ಗ್ಯಾರೇಜಿನಲ್ಲಿ ಮೊಳೆಗೆ ನೇತಾಡ್ತಿದೆ. ಫ್ಯಾಕ್ಟರಿ ಹೋಯಿತು, ಗಾಜು ಉಳಿಯಿತು. ಅದನ್ನು ಫೋನಿನ ಮೇಲೆ ಹಿಡಿದು ಫೋಟೋ ನೋಡಲು ಹೋದರೆ ಬರೀ ಕೆಂಪು, ಹಸಿರು ಚುಕ್ಕಿ ಕಂಡವು. ಕೆಲಸದ ಹುಡುಗ "ಅಣ್ಣ, ಬೆರಳಲ್ಲಿ ಎಳೆದ್ರೆ ದೊಡ್ಡದಾಗುತ್ತೆ" ಅಂದ.

ಪ್ಲಾಸ್ಟಿಕ್ ಭಾಗಗಳನ್ನು ನೋಡಿ. ಏರ್ ಕ್ಲೀನರ್ ಡಬ್ಬಿ, ಡ್ಯಾಶ್‌ಬೋರ್ಡಿನ ಒಳಮೈ, ಹೀಟರ್ ಡಬ್ಬಿ, ದೀಪದ ಹಿಂಭಾಗ. ಎಲ್ಲೋ ಒಂದು ಮೂಲೆಯಲ್ಲಿ ಕಡಲೆಕಾಳಿಗಿಂತ ಸ್ವಲ್ಪ ದೊಡ್ಡ ದುಂಡು ಅಚ್ಚು ಇರುತ್ತೆ. ಸುತ್ತ 1ರಿಂದ 12, ನಡುವೆ ಬಾಣ, ಬಾಣದ ಎರಡು ಬದಿ ವರ್ಷದ ಒಂದೊಂದು ಅಂಕಿ. ಥೇಟ್ ಒಂದೇ ಮುಳ್ಳಿನ ಗಡಿಯಾರ. ಮುಳ್ಳು ತೋರಿಸೋದು ತಿಂಗಳು. ಅಚ್ಚಿನೊಳಗೆ ಕೂರಿಸಿದ ಸಣ್ಣ ತಿರುಪು ಅದು. ತಿಂಗಳು ಬದಲಾದಾಗ ಕೆಲಸಗಾರ ಸ್ಕ್ರೂಡ್ರೈವರ್‌ನಿಂದ ತಿರುಗಿಸ್ತಾನೆ.

ಏರ್ ಕ್ಲೀನರ್ ಮುಚ್ಚಳದ ಫೋಟೋ ಮೊದಲು ಬಂತು. 98, ಬಾಣ 11ಕ್ಕೆ. ನಾನು ಕುಣಿದುಬಿಟ್ಟೆ. "ಲೋ, 98ರ ನವೆಂಬರ್ ಕಣೋ, ದುಡ್ಡು ಕಟ್ಟು" ಅಂತ ಮೆಸೇಜ್ ಹಾಕಿ ಊಟಕ್ಕೆ ಹೋದೆ. ಮುದ್ದೆ ಮುರಿಯುವಾಗ ಹೊಟ್ಟೆಯೊಳಗೆ ಚುಳ್ ಅಂದಿತು. ಮುಚ್ಚಳ ಹುಟ್ಟಿದ ದಿನ ಗಾಡಿ ಹುಟ್ಟಿದ ದಿನ ಹೇಗಾಗುತ್ತೆ? ಗೋಡೌನಿನಲ್ಲಿ ಕೂತಿದ್ದ ಮುಚ್ಚಳ ಇರಬಹುದು. ಆ ಕೆಲಸಗಾರ ತಿರುಪು ತಿರುಗಿಸಲು ಮರೆತಿರಬಹುದು. ಕೈ ತೊಳೆದು ಮೊದಲು "ಕಟ್ಟಬೇಡ, ತಡಿ" ಅಂತ ಬರೆದೆ. ಪುಣ್ಯಕ್ಕೆ ಅಲ್ಲಿ ನಡುರಾತ್ರಿ.

ಮದುವೆ ಮನೆಯಲ್ಲಿ ಮೊದಲು ಬಂದವರನ್ನು ನೋಡಿ ಮುಹೂರ್ತ ಹೇಳೋದಕ್ಕಾಗಲ್ಲ, ಕೊನೆಗೆ ಬಂದವರಿಗೂ ತಾಳಿ ಕಟ್ಟೋದು ಸಿಕ್ಕಿತಲ್ಲ, ಅದನ್ನು ನೋಡಬೇಕು. ಗಾಡಿಯಲ್ಲಿ ಕಾರ್ಖಾನೆಯಲ್ಲೇ ಕೂರಿಸಿದ ಭಾಗಗಳ ಪೈಕಿ ಅತಿ ಹೊಸ ತಾರೀಖು ಯಾವುದೋ, ಗಾಡಿ ಅದಕ್ಕಿಂತ ಹಳೇದಾಗಿರಲು ಸಾಧ್ಯವೇ ಇಲ್ಲ. ಆಮೇಲೆ ಬದಲಾಯಿಸಿದ ಭಾಗ ಇದರಲ್ಲಿ ಸೇರಬಾರದು. ಟೈರು, ಬ್ಯಾಟರಿ ಬಿಡಿ. ಟೈರಿನ ಕೊನೆಯ ನಾಲ್ಕು ಅಂಕಿ ವಾರ ಮತ್ತು ವರ್ಷ ಹೇಳುತ್ತೆ ನಿಜ, ಹೇಳೋದು ಟೈರಿನ ವಯಸ್ಸನ್ನು. ನಾನು ನೆಚ್ಚೋದು ಸೀಟ್ ಬೆಲ್ಟನ್ನು. ಬುಡದ ಹತ್ತಿರ ಹೊಲಿದ ಬಟ್ಟೆ ಚೀಟಿಯಲ್ಲಿ ತಯಾರಾದ ತಾರೀಖು ಇರುತ್ತೆ. ಸಾಮಾನು ಹೊರುವ ಟ್ರಕ್ಕಿನ ಸೀಟ್ ಬೆಲ್ಟನ್ನು ಯಾರೂ ಸುಮ್ಮಸುಮ್ಮನೆ ಬದಲಾಯಿಸಲ್ಲ. ಎರಡೂ ಬದಿಯ ಬೆಲ್ಟು ಒಂದೇ ಕಾಲದ್ದಾದರೆ ಮೂಲದ್ದೇ ಅಂತ ಧೈರ್ಯ.

ಒಂದೇ ದಿನ ಹನ್ನೊಂದು ಫೋಟೋ ತರಿಸಿದೆ. ಯಾರ್ಡಿನವನು ನನ್ನನ್ನು ಬೈದುಕೊಂಡಿರಬೇಕು. ಹೀಟರ್ ಡಬ್ಬಿ 99, ಬಾಣ 5ಕ್ಕೆ. ಡ್ಯಾಶ್‌ಬೋರ್ಡ್ ಒಳಗೆ 99ರ 4. ಡ್ರೈವರ್ ಬೆಲ್ಟು 1999ರ ಜೂನ್. ಪಕ್ಕದ ಸೀಟಿನ ಬೆಲ್ಟೂ ಜೂನ್.

ಮುಗಿಯಿತು. ಜೂನ್‌ಗಿಂತ ಹಿಂದಿನದಲ್ಲ. ಕಾಗದ 1999 ಅನ್ನೋದರಿಂದ ಡಿಸೆಂಬರ್ ದಾಟಿಲ್ಲ. ಏಪ್ರಿಲ್ 2024ಕ್ಕೆ 25 ತುಂಬಿಲ್ಲ. ಯಾರ ಜೊತೆಗೂ ವಾದ ಬೇಡ ಅಂದರೆ 2025ರ ಜನವರಿವರೆಗೆ ಕಾಯಬೇಕು.

ಮಾರುವವನು ಸಿಟ್ಟಾದ, ಎಲ್ಲರೂ ಹೀಗೇ ತಗೊಂಡು ಹೋಗ್ತಾರೆ ಅಂದ. ಚಾಸಿಸ್ ನಂಬರ್ ಕೊಟ್ಟು ಜಪಾನಿನ ಡೀಲರ್ ಹತ್ರ ತಯಾರಾದ ತಿಂಗಳು ವಿಚಾರಿಸಿಕೊಡಿ ಅಂತ ಅಳಿಯ ಹಟ ಹಿಡಿದ. ವಾರದ ಮೇಲೆ ಬಂದ ಉತ್ತರ: 1999 ಜುಲೈ. ಬೆಲ್ಟು ಜೂನ್, ಗಾಡಿ ಜುಲೈ. ಅವತ್ತು ಅಪ್ಪನ ಗಾಜನ್ನು ಒರೆಸಿಟ್ಟೆ.

ಇನ್ನೊಂದು ದಾರಿಯಿದೆ, ಈ ಗಾಡಿಗೆ ಬೇಕಾಗಲಿಲ್ಲ. ದೋಷವಿದ್ದ ಗಾಡಿಗಳನ್ನು ಕಂಪನಿ ರಿಪೇರಿಗೆ ವಾಪಸ್ ಕರೆಸಿಕೊಳ್ಳೋದಕ್ಕೆ ರೀಕಾಲ್ ಅಂತಾರೆ; ಜಪಾನ್ ಸಾರಿಗೆ ಇಲಾಖೆಯ ರೀಕಾಲ್ ಪ್ರಕಟಣೆಗಳಲ್ಲಿ ಇಂಥ ಚಾಸಿಸ್ ನಂಬರಿನಿಂದ ಇಂಥ ನಂಬರಿನವರೆಗೆ, ಇಂಥ ದಿನದಿಂದ ಇಂಥ ದಿನದವರೆಗೆ ತಯಾರಾದವು ಅಂತ ಪಟ್ಟಿ ಇರುತ್ತೆ. ನಮ್ಮ ನಂಬರ್ ಆ ಸಾಲಿನಲ್ಲಿ ಬಿದ್ದರೆ ಸರ್ಕಾರದ ಬಾಯಿಂದಲೇ ಉತ್ತರ.

ಮರೆತಿದ್ದೆ, ಸ್ಟಿಕರ್ ಕಥೆ. ಅದೇ ಗಾಡಿಯಲ್ಲಿ ಟೈಮಿಂಗ್ ಬೆಲ್ಟ್ ಬದಲಿಸಿದ ಚೀಟಿ ಅಂಟಿಸಿದ್ದರು, 21.6 ಅಂತ. ಅಳಿಯ "2021ರಲ್ಲಿ ಬೆಲ್ಟ್ ಹಾಕಿಸಿದ್ದಾರೆ, ಹೊಸದೇ ಇದೆ" ಅಂತ ಹಿಗ್ಗಿದ. ಅಲ್ಲಿ ವರ್ಷವನ್ನು ಚಕ್ರವರ್ತಿಯ ಆಳ್ವಿಕೆಯಿಂದ ಎಣಿಸೋ ರೂಢಿ. ಹೆಯ್‌ಸೆಯ್ ಶಕೆ ಶುರುವಾಗಿದ್ದು 1989ರ ಜನವರಿ 8ಕ್ಕೆ, ಮುಗಿದದ್ದು 2019ರ ಏಪ್ರಿಲ್ 30ಕ್ಕೆ. ಆ ಅಂಕಿಗೆ 1988 ಕೂಡಿಸಬೇಕು. 21 ಅಂದರೆ 2009. ಅದಕ್ಕೂ ಹಿಂದಿನ ಶೋವಾ ಶಕೆಯಾದರೆ 1925, ಈಗಿನ ರೇವಾಗೆ 2018 ಕೂಡಿಸಿ. ನಮ್ಮಲ್ಲಿ ಪಂಚಾಂಗ ನೋಡಿ ಶಾಲಿವಾಹನ ಶಕೆಗೆ 78 ಕೂಡಿಸಿದವರಿಗೆ ಇದು ಕಷ್ಟವಲ್ಲ. ಹದಿನೈದು ವರ್ಷದ ಬೆಲ್ಟು ಅಂತ ಗೊತ್ತಾದ ಮೇಲೆ ಅಳಿಯನಿಗೆ ಆ ಗಾಡಿಯ ಮೇಲಿದ್ದ ಮೋಹ ಅರ್ಧ ಇಳಿಯಿತು.

ಗ್ಯಾರೇಜಿಗೆ ಬಂದವರು ಈ ಕಥೆ ಕೇಳಿ, ನಾವೂ ಇಲ್ಲಿಗೊಂದು ತರಿಸೋಣವಾ ಅಂತಾರೆ. ಆಗಲ್ಲ. ನಮ್ಮ ದೇಶದ ನಿಯಮ ತದ್ವಿರುದ್ಧ: ಹಳೇ ಗಾಡಿ ತರಿಸಬೇಕಾದರೆ ತಯಾರಾಗಿ ಮೂರು ವರ್ಷ ದಾಟಿರಬಾರದು, ಅದೂ ಮುಂಬೈ ಬಂದರಿನ ಮೂಲಕವೇ. ಅಡಿಕೆ ತೋಟಕ್ಕೆ ಏಸ್ ಗಾಡಿ ಸಾಕು.

ಅಳಿಯ ಆ ಬಿಳಿಯದನ್ನು ಬಿಟ್ಟು ಹಿಂದಿನ ಅಳತೆಯ ಡಿಡಿ51ಟಿ ಒಂದನ್ನು ಹಿಡಿದ. ಕಾಗದದಲ್ಲಿ 1996, ಸೀಟ್ ಬೆಲ್ಟಿನ ಚೀಟಿಯಲ್ಲೂ ಅದೇ ವರ್ಷ. ತಿಂಗಳ ಗೊಡವೆಯೇ ಇಲ್ಲ. ಮನೆಗೆ ಬಂದ ದಿನ ವಿಡಿಯೋ ಕಾಲ್ ಮಾಡಿ, ಸೀಟು ಎತ್ತಿ, ಫೋನನ್ನು ಎಂಜಿನ್ ಹತ್ತಿರ ಹಿಡಿದ. "ಮಾಮ, ಸೌಂಡ್ ಕೇಳಿ, ಓಮ್ನಿ ತರಾನೇ ಇದೆ ಅಲ್ವಾ?"

ಹೌದು, ಅದೇ ಸೌಂಡು. ಅದರ ನಡುವೆ ಕೀಚ್ ಅಂತ ಒಂದು ಕಿರುಗುಟ್ಟುವಿಕೆಯೂ ಇತ್ತು.

"ಫ್ಯಾನ್ ಬೆಲ್ಟ್ ಲೂಸಾಗಿದೆ ಕಣೋ, ಎಂಜಿನ್ ಆಫ್ ಮಾಡು ಮೊದಲು" ಅಂದೆ.