ಉತ್ತರಕ್ಕಿಂತ ಮೊದಲು ಸುಳಿವು ಎಣಿಸಿ: ಧಾರಾವಿ ಮಕ್ಕಳಿಗೆ ನಾನು ಕಳೆಯುವ ಲೆಕ್ಕ ಕಲಿಸುವ ರೀತಿ

ಮುಂಬೈ ಮಹಾನಗರಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ. ಅದರಲ್ಲಿ ಕನ್ನಡವೂ ಒಂದು. ಅಂಥ ಒಂದು ಶಾಲೆಯಲ್ಲಿ ನಾನು ಮೂರನೇ ಇಯತ್ತೆಯ ಟೀಚರ್. ಮಕ್ಕಳು ಹೆಚ್ಚಿನವರು ಧಾರಾವಿಯವರು. ಮನೆಯವರು ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯಿಂದ ದುಡಿಮೆಗೆ ಬಂದವರು.

ಒಬ್ಬ ಹುಡುಗಿ ಸಂಜೆ ಅವ್ವನ ಜೊತೆ ತರಕಾರಿ ಮಾರಲು ಕೂರುತ್ತಾಳೆ. 65 ರೂಪಾಯಿ ವ್ಯಾಪಾರಕ್ಕೆ ನೂರರ ನೋಟು ಕೊಟ್ಟರೆ, ಐದರ ನಾಣ್ಯ ಇಟ್ಟು "ಎಪ್ಪತ್ತು" ಅನ್ನುತ್ತಾಳೆ. ಆಮೇಲೆ ಹತ್ತರ ನೋಟು ಒಂದೊಂದೇ ಇಡುತ್ತಾ "ಎಂಬತ್ತು, ತೊಂಬತ್ತು, ನೂರು". ಚಿಲ್ಲರೆ ಸರಿಯಾಗಿ ಬಂತು. ಅದೇ 100ರಲ್ಲಿ 65 ಕಳೆ ಅಂತ ಪಾಟಿಯ ಮೇಲೆ ಬರೆದುಕೊಟ್ಟರೆ ಅವಳ ಉತ್ತರ 165. ಸೊನ್ನೆಯಲ್ಲಿ ಐದು ಹೋಗುವುದಿಲ್ಲ, ಹಾಗಾಗಿ ಐದರಲ್ಲಿ ಸೊನ್ನೆ ಕಳೆಯುತ್ತಾಳೆ. ಹತ್ತರ ಮನೆಯಲ್ಲೂ ಅದೇ. ನೂರರಲ್ಲಿ ಕಳೆದರೆ ನೂರಕ್ಕಿಂತ ಜಾಸ್ತಿ ಉಳಿಯಿತಲ್ಲ ಅನ್ನುವುದು ಅವಳಿಗೆ ಹೊಳೆಯುವುದೇ ಇಲ್ಲ. ಯಾಕಂದರೆ ಪಾಟಿಯ ಮೇಲಿರುವುದು ಅವಳ ಪಾಲಿಗೆ ದುಡ್ಡಲ್ಲ, ಬರೀ ಅಂಕಿ.

ಇದು ನಮ್ಮ ಮಕ್ಕಳಲ್ಲಿ ಮಾತ್ರ ಇರುವುದಲ್ಲ. ಬ್ರೆಜಿಲ್‌ನ ರೆಸಿಫೆ ಊರಿನಲ್ಲಿ ಬೀದಿ ವ್ಯಾಪಾರ ಮಾಡುವ ಐವರು ಮಕ್ಕಳ ಮೇಲೆ ಟೆರೆಜಿನ್ಯ ನ್ಯೂನೆಸ್ ಮತ್ತು ಅವರ ಸಂಗಡಿಗರು ನಡೆಸಿದ ಅಧ್ಯಯನ 1985ರಲ್ಲಿ ಪ್ರಕಟವಾಯಿತು. ವ್ಯಾಪಾರದ ನಡುವೆ ಬಾಯಲ್ಲಿ ಮಾಡಿದ ಲೆಕ್ಕ ಶೇಕಡಾ 98ರಷ್ಟು ಸರಿ. ಅದೇ ಬಗೆಯ ಲೆಕ್ಕ ಕಾಗದದ ಮೇಲೆ ಬಂದಾಗ ಶೇಕಡಾ 37 ಮಾತ್ರ. ಇಂಥ ಮಗುವಿಗೆ "ಗಣಿತ ಬರಲ್ಲ" ಅಂತ ಷರಾ ಬರೆಯುವುದು ಅನ್ಯಾಯ. ಈ ಮಾತು ನಾನು ತುಂಬಾ ಗಟ್ಟಿಯಾಗಿಯೇ ಹೇಳುತ್ತೇನೆ.

ಹಾಗಾದರೆ ಯಾವ ಮಗು ಎಲ್ಲಿದೆ ಅಂತ ತಿಳಿಯುವುದು ಹೇಗೆ? ಇಲ್ಲಿ ನನ್ನ ಕೈ ಹಿಡಿದದ್ದು ರಷ್ಯಾದ ಮನಶ್ಶಾಸ್ತ್ರಜ್ಞ ಲೆವ್ ವೈಗಾಟ್‌ಸ್ಕಿ. ಆತ ಬದುಕಿದ್ದು 1896ರಿಂದ 1934ರವರೆಗೆ, ಅಷ್ಟೇ. ಆತ ಕೊಟ್ಟ ಉದಾಹರಣೆ ಹೀಗಿದೆ. ಹತ್ತು ವರ್ಷದ ಇಬ್ಬರು ಮಕ್ಕಳು. ಪರೀಕ್ಷೆಯಲ್ಲಿ ಇಬ್ಬರೂ ಎಂಟು ವರ್ಷದವರ ಮಟ್ಟದಲ್ಲಿದ್ದಾರೆ. ಆದರೆ ದೊಡ್ಡವರು ಸ್ವಲ್ಪ ದಾರಿ ತೋರಿಸಿದರೆ ಒಬ್ಬ ಹನ್ನೆರಡರವರ ಲೆಕ್ಕ ಬಿಡಿಸುತ್ತಾನೆ, ಇನ್ನೊಬ್ಬ ಒಂಬತ್ತರವರದ್ದು. ಈಗ ಇಬ್ಬರೂ ಒಂದೇ ಅನ್ನೋಕಾಗುತ್ತಾ? ಒಂಟಿಯಾಗಿ ಮಾಡುವುದಕ್ಕೂ ಜೊತೆಗಿದ್ದರೆ ಮಾಡುವುದಕ್ಕೂ ನಡುವಿನ ಆ ಜಾಗದಲ್ಲೇ ಕಲಿಕೆ ನಡೆಯುತ್ತದೆ ಅನ್ನುವುದು ಆತನ ವಾದ.

ಅದಕ್ಕೇ ನಾನು ಅಂಕದ ಪುಸ್ತಕದ ಜೊತೆ ಒಂದು ಸುಳಿವಿನ ವಹಿ ಇಟ್ಟಿದ್ದೇನೆ. ಕಳೆಯುವ ಲೆಕ್ಕಕ್ಕೆ ನನ್ನ ಹತ್ತಿರ ನಾಲ್ಕು ಸುಳಿವು. ಮೊದಲನೆಯದು, "ಉತ್ತರ ನೂರಕ್ಕಿಂತ ಜಾಸ್ತಿ ಬರಬೇಕಾ, ಕಡಿಮೆ ಬರಬೇಕಾ?" ಇಷ್ಟೇ ಕೇಳಿ ಸುಮ್ಮನಿರುತ್ತೇನೆ. ಎರಡನೆಯದು, "ಇದು ದುಡ್ಡು ಅಂತ ತಿಳ್ಕೋ." ಮೂರನೆಯದಕ್ಕೆ ಆಟದ ನೋಟು ಕೈಗೆ ಕೊಡುತ್ತೇನೆ. ಮಗು ನೂರನ್ನು ಹತ್ತರ ನೋಟುಗಳಾಗಿ, ಒಂದು ಹತ್ತನ್ನು ಬಿಡಿ ರೂಪಾಯಿಗಳಾಗಿ ಮುರಿಸಿಕೊಂಡು, ಮುರಿಸಿದ್ದನ್ನು ಪಾಟಿಯ ಮೇಲೆ ಬರೆಯಬೇಕು. ನಾಲ್ಕನೆಯದು, ಬೇರೆ ಅಂಕಿಯ ಲೆಕ್ಕವನ್ನು ನಾನೇ ಮಗುವಿನ ಎದುರು ಪೂರ್ತಿ ಮಾಡಿ ತೋರಿಸುವುದು. ಯಾವ ಸುಳಿವಿಗೆ ಮಗು ಮುಂದೆ ಹೋಯಿತೋ ಆ ನಂಬರ್ ವಹಿಗೆ. ಚಿಲ್ಲರೆ ಲೆಕ್ಕದ ಆ ಹುಡುಗಿಗೆ ಎರಡನೆಯದೇ ಸಾಕಾಯಿತು. ಅವಳ ಪಕ್ಕದಲ್ಲಿ ಕೂರುವ ಹುಡುಗನ ಪಾಟಿಯ ಮೇಲೂ 165 ಇತ್ತು, ಆದರೆ ಅವನಿಗೆ ನಾಲ್ಕೂ ಬೇಕಾದವು.

ಸುಳಿವು ಕೊಡುವ ಧ್ವನಿಯ ಬಗ್ಗೆಯೂ ಹೇಳಬೇಕು. ಮಕ್ಕಳ ಯೋಚನೆಯನ್ನು ಅಧ್ಯಯನ ಮಾಡಿದ ಸ್ವಿಸ್ ಮನಶ್ಶಾಸ್ತ್ರಜ್ಞ ಪಿಯಾಜೆಯ ಪ್ರಯೋಗ ನಿಮಗೆ ಗೊತ್ತಿರಬಹುದು. ಬಿಲ್ಲೆಗಳ ಎರಡು ಸಾಲು ಸಮನಾಗಿ ಜೋಡಿಸಿ, ಎರಡರಲ್ಲೂ ಅಷ್ಟೇ ಇದೆಯಾ ಅಂತ ಕೇಳಿ, ಆಮೇಲೆ ಒಂದನ್ನು ಅಗಲ ಮಾಡಿ ಅದನ್ನೇ ಮತ್ತೆ ಕೇಳಿದರೆ ಐದು ವರ್ಷದ ಮಗು ಸಾಮಾನ್ಯವಾಗಿ "ಉದ್ದದ ಸಾಲಿನಲ್ಲಿ ಜಾಸ್ತಿ ಇದೆ" ಅನ್ನುತ್ತದೆ. 1974ರಲ್ಲಿ ಮೆಕ್‌ಗ್ಯಾರಿಗಲ್ ಮತ್ತು ಮಾರ್ಗರೆಟ್ ಡೊನಾಲ್ಡ್‌ಸನ್ ಇದನ್ನೇ ಸ್ವಲ್ಪ ಬದಲಿಸಿದರು. ಸಾಲನ್ನು ಒಂದು ತುಂಟ ಕರಡಿ ಗೊಂಬೆ ಬಂದು ಕೆಡಿಸಿದ ಹಾಗೆ ಮಾಡಿದರು. ಸರಿ ಹೇಳಿದ ಮಕ್ಕಳು ಎಷ್ಟೋ ಹೆಚ್ಚಾದರು. ದೊಡ್ಡವರೇ ಏನೋ ಬದಲಿಸಿ ಅದೇ ಪ್ರಶ್ನೆ ಮತ್ತೆ ಕೇಳಿದರೆ, ಉತ್ತರವೂ ಬದಲಾಗಬೇಕೇನೋ ಅಂತ ಮಗುವಿಗೆ ಅನ್ನಿಸುತ್ತದೆ. ನಮ್ಮ ಮಕ್ಕಳಲ್ಲಿ ಇದು ಇನ್ನೂ ಜಾಸ್ತಿ. "ಸರಿನಾ?" ಅಂದರೆ ಸಾಕು, ಸರಿಯಾದ ಉತ್ತರವನ್ನೂ ಅಳಿಸಿಬಿಡುತ್ತಾರೆ. ಹಾಗಾಗಿ ಸರಿ ಇದ್ದಾಗಲೂ ತಪ್ಪಿದ್ದಾಗಲೂ ನಾನು ಒಂದೇ ರೀತಿ ಕೇಳುತ್ತೇನೆ: "ಹೆಂಗ್ ಮಾಡಿದಿ, ಹೇಳು." ಸರಿ ಉತ್ತರಕ್ಕೂ ಈ ಪ್ರಶ್ನೆ ಬರುತ್ತದೆ ಅಂತ ರೂಢಿಯಾದ ಮೇಲೆ ಭಯ ಹೋಗುತ್ತದೆ.

ಲೆಕ್ಕ ಮಾಡುವಾಗ ಗುಣುಗುಟ್ಟುವ ಮಕ್ಕಳನ್ನು ನಾನು ಸುಮ್ಮನಿರಿಸುವುದಿಲ್ಲ. ತನ್ನಷ್ಟಕ್ಕೆ ಆಡುವ ಈ ಮಾತೇ ಮುಂದೆ ಒಳಗಿನ ಯೋಚನೆಯಾಗುತ್ತದೆ ಅಂತ ವೈಗಾಟ್‌ಸ್ಕಿ ಕಂಡುಕೊಂಡಿದ್ದರು. ಕನ್ನಡವೋ ಹಿಂದಿಯೋ, ಯಾವುದರಲ್ಲಿ ಬೇಕಾದರೂ ಗುಣುಗಲಿ.

ಸಹಾಯ ಕೊಡುವುದಕ್ಕಿಂತ ತೆಗೆಯುವುದು ಕಷ್ಟ. ವುಡ್, ಬ್ರೂನರ್ ಮತ್ತು ರಾಸ್ ಅನ್ನುವ ಸಂಶೋಧಕರು 1976ರಲ್ಲಿ ಇಂಥ ನೆರವನ್ನು ಕಟ್ಟಡ ಕಟ್ಟುವಾಗ ಹಾಕುವ ಸಾರುವೆಗೆ ಹೋಲಿಸಿದರು. ನಾನು ಪಾಲಿಸುವ ನಿಯಮ ಸರಳ. ಮಗು ಗೆದ್ದರೆ ಮುಂದಿನ ಲೆಕ್ಕಕ್ಕೆ ಒಂದು ಸುಳಿವು ಕಡಿಮೆ, ಸೋತರೆ ಒಂದು ಹೆಚ್ಚು. ಆಟದ ನೋಟು ಬಿಡಲು ಮಕ್ಕಳಿಗೆ ಮನಸ್ಸಾಗುವುದಿಲ್ಲ. ಮೊದಲು ಡಬ್ಬಿ ಮುಚ್ಚಿ ಬೆಂಚಿನ ಮೇಲೇ ಇಡುತ್ತೇನೆ. ಬೇಕಾದರೆ ತೆಗೆಯಬಹುದು. ದಿನ ಕಳೆದ ಹಾಗೆ ಡಬ್ಬಿ ನನ್ನ ಮೇಜಿಗೆ ಹೋಗುತ್ತದೆ.

ವಾರಗಟ್ಟಲೆ ನಾಲ್ಕನೇ ಸುಳಿವಿನಲ್ಲೇ ನಿಂತ ಮಕ್ಕಳೂ ಇರುತ್ತಾರೆ. ನಾನು ಮಾಡಿದ್ದನ್ನು ಹಾಗೇ ನಕಲು ಮಾಡುತ್ತಾರೆ, ಅಂಕಿ ಬದಲಾದರೆ ಮತ್ತೆ 165ರಂಥ ಉತ್ತರ. ಅಂಥವರಿಗೆ ಕಳೆಯುವ ಲೆಕ್ಕವನ್ನೇ ನಿಲ್ಲಿಸುತ್ತೇನೆ. ಅದು ಸದ್ಯಕ್ಕೆ ಅವರ ಕೈಗೆಟುಕುವ ಜಾಗದಲ್ಲಿಲ್ಲ. ಬೆಂಕಿಕಡ್ಡಿಗಳನ್ನು ಹತ್ತತ್ತು ಕಟ್ಟು ಕಟ್ಟಿಸುತ್ತೇನೆ, ಬಿಚ್ಚಿಸುತ್ತೇನೆ. 43 ಅಂದರೆ ನಾಲ್ಕು ಕಟ್ಟು ಮೂರು ಬಿಡಿ ಅಂತ, ಮೂರು ಕಟ್ಟು ಹದಿಮೂರು ಬಿಡಿ ಅಂತಲೂ ಅವರೇ ಜೋಡಿಸಿ ತೋರಿಸಿದ ಮೇಲೆ ಮತ್ತೆ ಮೊದಲನೇ ಸುಳಿವಿನಿಂದ ಶುರು.